೧೮೫೫ರ ಮದರಾಸು ಚಿತ್ರಹಿಂಸಾ ವಿಚಾರಣೆ ಮತ್ತು ಪೋಲೀಸರ ಹೊಣೆಗಾರಿಕೆಯ ಪ್ರಶ್ನೆ

ಕ್ರಿ. ಶ. ೧೮೫೫ನೆಯ ಏಪ್ರಿಲ್ ೧೬ರ ತಾರೀಖನ್ನು ಹೊತ್ತ ಒಂದು ವರದಿಯು ಮದರಾಸು ಸರ್ಕಾರಕ್ಕೆ ಸಲ್ಲಿತು. ಅದನ್ನು ಸಿದ್ಧಪಡಿಸಿದವರು ಮೂವರು ಆಂಗ್ಲರು: ಮದರಾಸು ನಗರದ ಮುಖ್ಯ ಮ್ಯಾಜಿಸ್ಟ್ರೇಟರಾಗಿದ್ದ ಇ. ಎಫ್. ಎಲಿಯಟ್, ಕಂಪೆನಿಯ ಸಿವಿಲ್ ಸೇವೆಗೆ ಸೇರಿದ ಎಚ್. ಸ್ಟೋಕ್ಸ್, ಹಾಗೂ ನ್ಯಾಯವಾದಿ ಜಾನ್ ಬ್ರೂಸ್ ನಾರ್ಟನ್. ಮದರಾಸು ಪ್ರಾಂತದಲ್ಲಿ ಕಂದಾಯ ವಸೂಲಿಗಾಗಿಯೂ ಅಪರಾಧದ ಒಪ್ಪಿಗೆಯನ್ನು ಹೊರಡಿಸುವುದಕ್ಕಾಗಿಯೂ ಸರ್ಕಾರದ ನೌಕರರು ಪ್ರಜೆಗಳನ್ನು ಹಿಂಸಿಸುತ್ತಿದ್ದರೆ ಇಲ್ಲವೆ ಎಂಬುದನ್ನು ನಿರ್ಣಯಿಸುವುದೇ ಅವರಿಗೆ ಒಪ್ಪಿಸಿದ ಕೆಲಸವಾಗಿತ್ತು. ಹಿಂಸೆ ನಡೆಯುತ್ತಿರುವುದು ನಿಜವೆಂದು ಅವರು ನಿಸ್ಸಂದಿಗ್ಧವಾಗಿ ಹೇಳಿದರು. ಆದರೆ ವರದಿಯ ಮಹತ್ತ್ವವು ಅಷ್ಟರಲ್ಲಿಯೇ ಮುಗಿಯುವುದಿಲ್ಲ. ಹಿಂಸೆಗೆ ಒಳಗಾದವನು ಪರಿಹಾರವನ್ನು ಬೇಡಲು ಎಲ್ಲಿಗೆ ಹೋಗಬೇಕು, ಹೋದರೆ ಅವನ ಗತಿಯೇನಾಗುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಆ ಮೂವರು ಎತ್ತಿದರು. ಹಿಂಸೆಗಿಂತಲೂ ಪರಿಹಾರದ ದುರ್ಲಭತೆಯೇ ತಮ್ಮ ಮನಸ್ಸನ್ನು ಹೆಚ್ಚಾಗಿ ನೋಯಿಸಿತೆಂದು ಅವರು ಬರೆದರು.

ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಮೊದಲನೆಯ ಪ್ರಶ್ನೆಗೆ ಕಂಪೆನಿ ಸರ್ಕಾರವೂ ಅನಂತರದ ಬ್ರಿಟಿಷ್ ಸರ್ಕಾರವೂ ಒಂದು ಬಗೆಯ ಉತ್ತರವನ್ನು ಕೊಟ್ಟವು. ಇಂದಿನ ನಮ್ಮ ಪೋಲೀಸು ವ್ಯವಸ್ಥೆಯು ಆ ಉತ್ತರದಿಂದ ಹುಟ್ಟಿದುದು. ಎರಡನೆಯ ಪ್ರಶ್ನೆಯು ಮಾತ್ರ ಬಹುಕಾಲ ಉತ್ತರವಿಲ್ಲದೆಯೇ ಉಳಿಯಿತು. ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳು ಆಗ ಮದರಾಸು ಪ್ರಾಂತಕ್ಕೇ ಸೇರಿದ್ದುದರಿಂದ ಈ ಇತಿಹಾಸವು ಕನ್ನಡ ನಾಡಿನ ಇತಿಹಾಸದ ಭಾಗವೂ ಹೌದು.

೧. ೧೮೧೬ರ ವ್ಯವಸ್ಥೆ

ವಿಚಾರಣೆಯ ಹಿನ್ನೆಲೆಯನ್ನು ತಿಳಿಯಬೇಕಾದರೆ ನಾಲ್ಕು ದಶಕಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಕಾರ್ನ್‌ವಾಲೀಸನು ಬಂಗಾಳದಲ್ಲಿ ರೂಪಿಸಿದ ಪದ್ಧತಿಯನ್ನು ಅನುಸರಿಸಿ ೧೮೦೨ರಲ್ಲಿ ಮದರಾಸು ಪ್ರಾಂತದಲ್ಲಿಯೂ ನ್ಯಾಯಾಧೀಶರ ಕೈಕೆಳಗೆ ದರೋಗರನ್ನು ನೇಮಿಸಲಾಗಿತ್ತು. ಕಂದಾಯದ ಅಧಿಕಾರವು ಒಬ್ಬರಲ್ಲಿ, ಮ್ಯಾಜಿಸ್ಟ್ರೇಟಿನ ಅಧಿಕಾರವು ಮತ್ತೊಬ್ಬರಲ್ಲಿ ಇರಬೇಕೆಂಬುದು ಆ ಪದ್ಧತಿಯ ತತ್ತ್ವ. ದರೋಗರ ಆಡಳಿತವು ವೆಚ್ಚದ್ದೂ ಅಪ್ರಯೋಜಕವೂ ಆಗಿದೆಯೆಂಬ ಆಕ್ಷೇಪಣೆ ಬೇಗನೆ ಹುಟ್ಟಿತು. ಕೆನರಾದಲ್ಲಿಯೂ ಬಳ್ಳಾರಿಯನ್ನೊಳಗೊಂಡ ದತ್ತಮಂಡಲದಲ್ಲಿಯೂ ಕಲೆಕ್ಟರನಾಗಿದ್ದು ಅನುಭವ ಪಡೆದಿದ್ದ ತಾಮಸ್ ಮನ್ರೋ ಈ ಆಕ್ಷೇಪಣೆಯ ಮುಖ್ಯ ಪ್ರತಿಪಾದಕ. ಈ ದೇಶದ ರೂಢಿಗೆ ಒಗ್ಗುವಂತಹುದು ಗ್ರಾಮದ ಗೌಡ, ಶಾನುಭೋಗ, ತಳವಾರರ ಮೂಲಕ ನಡೆಯುವ ಆಡಳಿತವೇ ಹೊರತು ಹೊರಗಿನಿಂದ ತಂದಿರಿಸಿದ ದರೋಗರದಲ್ಲ ಎಂಬುದು ಅವನ ವಾದ. ೧೮೧೪ರಲ್ಲಿ ನ್ಯಾಯಾಡಳಿತದ ಸುಧಾರಣೆಗಾಗಿ ನೇಮಕವಾದ ಕಮಿಷನಿನ ಮುಖ್ಯಸ್ಥನಾಗಿ ಬಂದ ಮನ್ರೋವಿನ ಅಭಿಪ್ರಾಯವು ೧೮೧೬ರ ರೆಗ್ಯುಲೇಷನುಗಳಲ್ಲಿ ಕಾಯಿದೆಯ ರೂಪವನ್ನು ತಾಳಿತು.

ಆ ವರ್ಷದ ಒಂಬತ್ತನೆಯ ರೆಗ್ಯುಲೇಷನು ಮ್ಯಾಜಿಸ್ಟ್ರೇಟಿನ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶನಿಂದ ಕಲೆಕ್ಟರನಿಗೆ ವರ್ಗಾಯಿಸಿತು. ಹನ್ನೊಂದನೆಯ ರೆಗ್ಯುಲೇಷನು ದರೋಗರನ್ನು ತೆಗೆದುಹಾಕಿ ತಾಲ್ಲೂಕಿನ ತಹಶೀಲ್ದಾರನನ್ನೇ ಪೋಲೀಸಿನ ಮುಖ್ಯಸ್ಥನನ್ನಾಗಿ ಮಾಡಿತು. ಗ್ರಾಮದಲ್ಲಿ ಗೌಡನೂ ತಳವಾರನೂ ಅವನ ಕೈಕೆಳಗಿನವರಾದರು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕಂತಿನ ಹಣವನ್ನು ವಸೂಲುಮಾಡುವವನೂ, ಕಳವಿನ ತನಿಖೆ ನಡೆಸುವವನೂ, ಆರೋಪಿಯನ್ನು ಹಿಡಿದು ತರಿಸುವವನೂ ಒಬ್ಬನೇ ಆದನು. ಅವನ ಜವಾನರು ಬೆಳಿಗ್ಗೆ ಕಂದಾಯದ ಬಾಕಿಗಾಗಿ ರೈತನ ಮನೆಯ ಮುಂದೆ ನಿಂತರೆ ಸಂಜೆ ಅಪರಾಧದ ಶೋಧನೆಗಾಗಿ ಅದೇ ಮನೆಯೊಳಕ್ಕೆ ನುಗ್ಗಬಹುದಾಗಿತ್ತು.

ಮನ್ರೋವಿನ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳುವಂತಿಲ್ಲ. ಗ್ರಾಮದ ಸಂಸ್ಥೆಗಳನ್ನು ಕಡೆಗಣಿಸಿದ ಆಡಳಿತವು ಗ್ರಾಮದ ವಿಶ್ವಾಸವನ್ನು ಗಳಿಸಲಾರದೆಂಬುದು ಸತ್ಯ. ಆದರೆ ಗೌಡನೂ ತಳವಾರನೂ ಗ್ರಾಮಕ್ಕೆ ಉತ್ತರ ಹೇಳಬೇಕಾದವರಾಗಿ ಉಳಿಯಲಿಲ್ಲ. ಕಂಪೆನಿಯ ಕಂದಾಯದ ಯಂತ್ರದಲ್ಲಿ ಕಟ್ಟಕಡೆಯ ಕೀಲುಗಳಾದರು. ಹಳೆಯ ಹೆಸರುಗಳು ಉಳಿದವು, ಹಳೆಯ ಹೊಣೆ ಉಳಿಯಲಿಲ್ಲ.

೨. ದೂರು ಲಂಡನ್ನಿಗೆ ಹೋದ ಬಗೆ

ಹಿಂಸೆಯ ಸುದ್ದಿಯು ಮದರಾಸಿನ ಅಧಿಕಾರಿಗಳಿಗೆ ಹೊಸದಾಗಿರಲಿಲ್ಲ. ಬಿಡಿಬಿಡಿಯಾದ ಮೊಕದ್ದಮೆಗಳಲ್ಲಿ ಅದು ಕಾಣಿಸಿಕೊಳ್ಳುತ್ತಲೇ ಇತ್ತು. ಅದನ್ನು ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡಿದವರು ಅಧಿಕಾರಿಗಳಲ್ಲ, ಮದರಾಸಿನ ಭಾರತೀಯ ನಾಗರಿಕರು. ವರ್ತಕರಾಗಿದ್ದ ಗಾಜುಲ ಲಕ್ಷ್ಮೀನರಸು ಶೆಟ್ಟಿಯವರು ೧೮೪೪ರಲ್ಲಿ ‘ಕ್ರೆಸೆಂಟ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದ್ದರು. ೧೮೫೨ರಲ್ಲಿ ಅವರ ಮುಂದಾಳುತನದಲ್ಲಿ ಮದರಾಸು ನೇಟಿವ್ ಅಸೋಸಿಯೇಷನ್ ಸ್ಥಾಪಿತವಾಯಿತು. ಕಂಪೆನಿಯ ಸನ್ನದನ್ನು ೧೮೫೩ರಲ್ಲಿ ನವೀಕರಿಸಬೇಕಾಗಿದ್ದ ಸಮಯವದು. ಪಾರ್ಲಿಮೆಂಟು ಭಾರತದ ಆಡಳಿತದ ವಿಷಯವನ್ನು ಚರ್ಚಿಸುವ ಮುನ್ನ ಆಡಳಿತಕ್ಕೆ ಒಳಪಟ್ಟವರ ಮಾತೂ ಅದರ ಕಿವಿಗೆ ಬೀಳಲೆಂದು ಸಂಘವು ಮನವಿಯೊಂದನ್ನು ಕಳುಹಿಸಿತು. ಕಂದಾಯದ ಭಾರ, ನ್ಯಾಯಾಲಯಗಳ ವಿಳಂಬ ಮೊದಲಾದ ಕಷ್ಟಗಳೊಡನೆ ವಸೂಲಿಯ ಕಾಲದ ಹಿಂಸೆಯನ್ನೂ ಆ ಮನವಿಯು ನಿವೇದಿಸಿತು.

೧೮೫೩ರಲ್ಲಿ ಪಾರ್ಲಿಮೆಂಟಿನ ಸದಸ್ಯ ಡ್ಯಾನ್‌ಬಿ ಸೀಮೋರನು ಮದರಾಸಿಗೆ ಬಂದನು. ಲಕ್ಷ್ಮೀನರಸು ಶೆಟ್ಟಿಯವರು ಅವನಿಗೆ ಜಿಲ್ಲೆಗಳ ಸ್ಥಿತಿಯನ್ನು ಪ್ರತ್ಯಕ್ಷವಾಗಿ ತೋರಿಸುವ ವ್ಯವಸ್ಥೆ ಮಾಡಿದರು. ರೈತರ ಬಾಯಿಂದಲೇ ಅವರ ದುಃಖವನ್ನು ಕೇಳಿಸಿದರು. ೧೮೫೪ನೆಯ ಜುಲೈ ತಿಂಗಳಿನಲ್ಲಿ ಕಾಮನ್ಸ್ ಸಭೆಯಲ್ಲಿ ಮದರಾಸಿನ ಭೂಕಂದಾಯದ ಚರ್ಚೆ ನಡೆದಾಗ ಚಿತ್ರಹಿಂಸೆಯ ಆರೋಪವು ಬಹಿರಂಗವಾಗಿ ಕೇಳಿಬಂತು. ಕಂಪೆನಿಯ ಪಕ್ಷದವರಿಗೆ ಅದು ನಂಬಲಾಗದ ಮಾತಾಗಿ ತೋರಿತು. ಅಲ್ಲಗಳೆದು ಸುಮ್ಮನಿರುವಂತೆ ಮಾತ್ರ ಇರಲಿಲ್ಲ. ಲಂಡನ್ನಿನ ಆದೇಶದ ಮೇರೆಗೆ, ಲಾರ್ಡ್ ಹ್ಯಾರಿಸನು ಗವರ್ನರನಾಗಿದ್ದ ಮದರಾಸು ಸರ್ಕಾರವು ಅದೇ ವರ್ಷ ಮೂವರ ಕಮಿಷನನ್ನು ನೇಮಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಳ್ಳಾರಿಯ ರೈತನಿಗಾಗಲಿ ಕಡಪೆಯ ರೈತನಿಗಾಗಲಿ ಹತ್ತಿರದಲ್ಲಿದ್ದ ಅಧಿಕಾರಿ ತಹಶೀಲ್ದಾರ. ಅವನ ಮೇಲೆ ಕಲೆಕ್ಟರ. ಅವನ ಮೇಲೆ ರೆವೆನ್ಯೂ ಬೋರ್ಡು. ಅದರ ಮೇಲೆ ಮದರಾಸು ಸರ್ಕಾರ. ಈ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿಯೂ ನಿಲ್ಲಲು ಎಡೆ ದೊರೆಯದ ದೂರು ಸಮುದ್ರವನ್ನು ದಾಟಿ ಪಾರ್ಲಿಮೆಂಟನ್ನು ಮುಟ್ಟಿದ ಮೇಲೆ ಮಾತ್ರ ತಿರುಗಿ ಮದರಾಸಿಗೆ ಬಂದು ವಿಚಾರಣೆಯ ರೂಪವನ್ನು ಪಡೆಯಿತು. ದೂರನ್ನು ಕೇಳುವವರ ಅಭಾವಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

೩. ಕಮಿಷನಿಗೆ ತಿಳಿದುಬಂದ ಸಂಗತಿಗಳು

ಕಮಿಷನು ಪ್ರಕಟಣೆಯನ್ನು ಹೊರಡಿಸಿ ದೂರುಗಳನ್ನು ಆಹ್ವಾನಿಸಿತು. ಅಧಿಕಾರಿಗಳಿಂದಲೂ ಪಾದ್ರಿಗಳೇ ಮೊದಲಾದ ಇತರರಿಂದಲೂ ಅಭಿಪ್ರಾಯಗಳನ್ನು ಪಡೆಯಿತು. ಅದರ ಮುಂದೆ ಬಂದ ದೂರುಗಳು ಒಟ್ಟು ೧,೯೫೯. ಇವರಲ್ಲಿ ೫೧೯ ಮಂದಿ ಖುದ್ದಾಗಿ ಹಾಜರಾದರು. ೧,೪೪೦ ದೂರುಗಳು ಪತ್ರಮುಖೇನ ಬಂದವು. ಪ್ರಾಂತದ ವಿಸ್ತಾರವನ್ನೂ, ಪ್ರಯಾಣದ ಕಷ್ಟವನ್ನೂ, ಅಕ್ಷರ ಬಲ್ಲವರ ಅಲ್ಪಸಂಖ್ಯೆಯನ್ನೂ, ಕೊಟ್ಟ ಅವಧಿಯ ಕಿರಿದನ್ನೂ ನೆನೆದರೆ ಈ ಸಂಖ್ಯೆಗಳು ಸಾಮಾನ್ಯವಲ್ಲ. ದೂರು ಕೊಟ್ಟವನು ಮರಳಿ ಹೋಗಬೇಕಾಗಿದ್ದುದು ಅದೇ ಊರಿಗೆ, ಅದೇ ತಹಶೀಲ್ದಾರನ ಅಧಿಕಾರದ ನೆರಳಿಗೆ.

ಹಿಂಸೆಯ ಬಗೆಗಳನ್ನು ವರದಿಯು ಪಟ್ಟಿಮಾಡಿ ಹೇಳುತ್ತದೆ. ಅತ್ಯಂತ ಸಾಮಾನ್ಯವಾದವು ಎರಡು. ಮನುಷ್ಯನನ್ನು ಮುಂದಕ್ಕೆ ಬಗ್ಗಿಸಿ, ಅವನ ಬಟ್ಟೆಯಿಂದಲೋ ಹಗ್ಗದಿಂದಲೋ ಕೊರಳನ್ನು ಕಾಲಿಗೆ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುವುದು ಒಂದು; ವರದಿಯು ಇದನ್ನು ‘ಅನುಂಡಾಲ್’ ಎಂದು ಕರೆಯುತ್ತದೆ. ಒಂದು ತುದಿಯಲ್ಲಿ ಜೋಡಿಸಿದ ಎರಡು ಮರದ ತುಂಡುಗಳ ನಡುವೆ ಬೆರಳು ಮೊದಲಾದ ಅಂಗಗಳನ್ನು ಇರಿಸಿ ಅಮುಕುವ ‘ಕಿಟ್ಟಿ’ ಎಂಬುದು ಮತ್ತೊಂದು. ಅನ್ನನೀರನ್ನು ತಡೆಯುವುದು, ನಿದ್ರೆಗೆಡಿಸುವುದು, ಬೆನ್ನಿನ ಮೇಲೆ ಕಲ್ಲು ಹೇರುವುದು, ಚಾವಟಿಯಿಂದ ಹೊಡೆಯುವುದು ಇವು ಉಳಿದವು. ಇವುಗಳಲ್ಲಿ ಹಲವಕ್ಕೆ ಯಾವ ವಿಶೇಷ ಸಲಕರಣೆಯೂ ಬೇಕಾಗಿರಲಿಲ್ಲ; ಗಾಯದ ಗುರುತೂ ಬಹುದಿನ ಉಳಿಯುತ್ತಿರಲಿಲ್ಲ. ರೈತನಿಂದ ಹೊರಡಬೇಕಾಗಿದ್ದ ಹಣವೋ, ಅನೇಕ ಸಂದರ್ಭಗಳಲ್ಲಿ ಕೆಲವೇ ರೂಪಾಯಿ.

ಇಷ್ಟು ಅಲ್ಪಮೊತ್ತಕ್ಕಾಗಿ ಇಂತಹ ಕ್ರೌರ್ಯವೇಕೆ ಎಂಬ ಶಂಕೆ ಸಹಜ. ರೈತವಾರಿ ಪದ್ಧತಿಯಲ್ಲಿ ಸರ್ಕಾರವು ಪ್ರತಿಯೊಬ್ಬ ರೈತನಿಂದಲೂ ನೇರವಾಗಿ ನಗದನ್ನು ವಸೂಲು ಮಾಡಬೇಕಾಗಿತ್ತು. ಬಾಕಿದಾರನ ಸ್ವತ್ತನ್ನು ಜಪ್ತಿ ಮಾಡಿ ಹರಾಜು ಹಾಕಲು ಕಾನೂನಿನಲ್ಲಿ ಅವಕಾಶವಿದ್ದರೂ ಅದು ನಿಧಾನದ ದಾರಿ, ಕಾಗದಪತ್ರಗಳ ಶ್ರಮವುಳ್ಳದ್ದು. ಕಂತಿನ ದಿನಕ್ಕೆ ಸರಿಯಾಗಿ ಹಣ ಒಪ್ಪಿಸದ ತಹಶೀಲ್ದಾರನು ಕಲೆಕ್ಟರನ ಅಸಮಾಧಾನಕ್ಕೆ ಗುರಿಯಾಗಬೇಕಾಗಿತ್ತು. ಹಿಂಸೆಯು ಅವನಿಗೆ ಶೀಘ್ರವಾದ, ಖರ್ಚಿಲ್ಲದ, ದಾಖಲೆಯಿಲ್ಲದ ಉಪಾಯವಾಯಿತು. ಅಪರಾಧದ ತನಿಖೆಯಲ್ಲಿಯೂ ಇದೇ ತರ್ಕ ನಡೆಯಿತು: ಸಾಕ್ಷ್ಯವನ್ನು ಹುಡುಕುವುದು ಕಷ್ಟ, ಒಪ್ಪಿಗೆಯನ್ನು ಹೊರಡಿಸುವುದು ಸುಲಭ. ಹೀಗೆ ಕೆಡುಕು ಕೆಲವು ವ್ಯಕ್ತಿಗಳ ದುಷ್ಟತನದಲ್ಲಿ ಮಾತ್ರವಿರಲಿಲ್ಲ. ಕೆಲಸದ ಫಲವನ್ನು ಮಾತ್ರ ಕೇಳಿ ಕೆಲಸದ ರೀತಿಯನ್ನು ಕೇಳದ ಆಡಳಿತದ ಕ್ರಮದಲ್ಲಿಯೇ ಇತ್ತು.

೪. ಪರಿಹಾರದ ದಾರಿ

ಈಗ ಎರಡನೆಯ ಪ್ರಶ್ನೆಗೆ ಬರೋಣ. ನೊಂದ ರೈತನು ಕಲೆಕ್ಟರನ ಬಳಿಗೆ ಹೋಗಲು ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ. ಆದರೆ ಕಲೆಕ್ಟರನ ಕಚೇರಿ ಅವನ ಗ್ರಾಮದಿಂದ ಅನೇಕ ದಿನಗಳ ಪಯಣದಷ್ಟು ದೂರ. ದಾರಿಯ ಖರ್ಚು, ಅಲ್ಲಿ ಕಾದಿರುವ ದಿನಗಳ ಊಟದ ಖರ್ಚು, ಹೊಲದ ಕೆಲಸದ ನಷ್ಟ ಇವನ್ನೆಲ್ಲ ಹೊತ್ತು ಅವನು ಅರ್ಜಿ ಕೊಟ್ಟನೆಂದು ಇಟ್ಟುಕೊಳ್ಳೋಣ. ಅರ್ಜಿಯ ಮೇಲೆ ಸಾಮಾನ್ಯವಾಗಿ ಬೀಳುತ್ತಿದ್ದ ಷರಾ ‘ತಹಶೀಲ್ದಾರನಿಗೆ’ ಎಂಬುದೇ. ಯಾರ ಮೇಲೆ ದೂರೋ ಅವನ ಕೈಗೇ, ಅಥವಾ ಆ ಜವಾನರನ್ನು ಕಳುಹಿಸಿದವನ ಕೈಗೇ, ಅರ್ಜಿಯು ಮರಳಿ ಬರುತ್ತಿತ್ತು. ಅರ್ಜಿದಾರನು ಅದರ ಹಿಂದೆಯೇ ಊರಿಗೆ ಬಂದು ಅವನ ಮುಂದೆ ನಿಲ್ಲಬೇಕಾಗಿತ್ತು.

ಒಂದು ವೇಳೆ ಕಲೆಕ್ಟರನೇ ವಿಚಾರಣೆ ಮಾಡಿ ಅಪರಾಧ ಸ್ಥಿರಪಟ್ಟಿತೆನ್ನೋಣ. ಮ್ಯಾಜಿಸ್ಟ್ರೇಟನಾಗಿ ಅವನು ವಿಧಿಸಬಹುದಾಗಿದ್ದ ಶಿಕ್ಷೆ ಐವತ್ತು ರೂಪಾಯಿ ಜುಲ್ಮಾನೆ ಅಥವಾ ಒಂದು ತಿಂಗಳ ಸೆರೆವಾಸ. ಇದಕ್ಕಿಂತ ಹೆಚ್ಚಿನ ಶಿಕ್ಷೆಯಾಗಬೇಕಾದರೆ ಮೊಕದ್ದಮೆಯು ಕ್ರಿಮಿನಲ್ ನ್ಯಾಯಾಧೀಶನಿಗೋ ಸಂಚಾರೀ ನ್ಯಾಯಾಲಯಕ್ಕೋ ಹೋಗಬೇಕು. ಆಗ ಫಿರ್ಯಾದಿಯೂ ಸಾಕ್ಷಿಗಳೂ ಮತ್ತೊಮ್ಮೆ ಪಯಣ ಹೊರಡಬೇಕು, ಮತ್ತೆ ಕಾಯಬೇಕು. ಅಷ್ಟರಲ್ಲಿ ಸಾಕ್ಷಿಗಳು ತಹಶೀಲ್ದಾರನ ವಶದಲ್ಲಿರುವ ಊರಿನವರೇ. ಗಾಯ ಮಾಯುತ್ತಿತ್ತು, ಸಾಕ್ಷಿಯ ಧೈರ್ಯ ಕುಂದುತ್ತಿತ್ತು. ಹೀಗೆ ಕಾನೂನು ಹಿಂಸೆಯನ್ನು ನಿಷೇಧಿಸಿದ್ದರೂ ನಿಷೇಧವನ್ನು ನಡೆಸಿಕೊಡುವ ಶಕ್ತಿ ಅದಕ್ಕಿರಲಿಲ್ಲ. ಕಮಿಷನರುಗಳನ್ನು ಕಲಕಿದ್ದು ಈ ಅಂಶವೇ.

ಆದರೂ ವರದಿಗೆ ಅದರದೇ ಆದ ಮಿತಿಗಳಿದ್ದುವು. ಕಮಿಷನಿನಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಮನವಿಯನ್ನು ಬರೆದವರು ಭಾರತೀಯರು, ನೊಂದವರು ಭಾರತೀಯರು. ತೀರ್ಪು ಹೇಳಿದವರು ಮಾತ್ರ ಸರ್ಕಾರವು ಆರಿಸಿದ ಆಂಗ್ಲರು. ಹಿಂಸೆಯ ದೋಷವನ್ನೆಲ್ಲ ವರದಿಯು ಕೆಳಗಿನ ದೇಶೀಯ ನೌಕರರ ಮೇಲೆ ಹೊರಿಸಿತು. ಹಿಂದಿನ ರಾಜರ ಕಾಲದಿಂದ ಬಂದ ದುರಭ್ಯಾಸವೆಂದು ಅದನ್ನು ವಿವರಿಸಿತು. ಯೂರೋಪಿಯನ್ ಅಧಿಕಾರಿಗಳು ಇದನ್ನು ಒಪ್ಪುತ್ತಿರಲಿಲ್ಲವೆಂದು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಈ ವಿವರಣೆಯನ್ನು ಪೂರ್ಣವಾಗಿ ಒಪ್ಪುವುದು ಸಾಧ್ಯವಿಲ್ಲ. ಅಭ್ಯಾಸವು ಹಳೆಯದೇ ಇದ್ದಿರಬಹುದು. ಆದರೆ ಅದನ್ನು ಪೋಷಿಸಿದ ಕಂದಾಯದ ಒತ್ತಡವೂ ಎರಡು ಅಧಿಕಾರಗಳನ್ನು ಒಂದೇ ಕೈಗೆ ಕೊಟ್ಟ ರೆಗ್ಯುಲೇಷನೂ ಕಂಪೆನಿಯವೇ. ಹಿಂಸೆ ಎಲ್ಲೆಡೆಯಲ್ಲಿಯೂ ಇದೆಯೆಂದು ಅಧಿಕಾರಿಗಳೇ ಪತ್ರ ಬರೆದು ಒಪ್ಪಿಕೊಂಡಿರುವಾಗ, ತಿಳಿದೂ ತಡೆಯದವನ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತಿರಲಿಲ್ಲ. ಕಾರ್ಲ್ ಮಾರ್ಕ್ಸನು ೧೮೫೭ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಈ ವರದಿಯನ್ನು ವಿವರವಾಗಿ ಬಳಸಿಕೊಂಡು ಲೇಖನ ಬರೆದಾಗ ಎತ್ತಿ ತೋರಿಸಿದುದು ಬಹುಮಟ್ಟಿಗೆ ಇದನ್ನೇ.

ಇಂತಹ ಮಿತಿಗಳಿದ್ದರೂ ವರದಿಯ ಬೆಲೆ ಕಡಿಮೆಯಾಗುವುದಿಲ್ಲ. ಸರ್ಕಾರವು ತನ್ನ ನೌಕರರ ವಿರುದ್ಧ ಪ್ರಜೆಗಳ ಮಾತನ್ನು ಕರೆದು ಕೇಳಿ, ಕೇಳಿದುದನ್ನು ಅಚ್ಚು ಹಾಕಿಸಿ, ಪಾರ್ಲಿಮೆಂಟಿನ ಮುಂದೆ ಇರಿಸಬೇಕಾಯಿತು. ಅದಕ್ಕೆ ಕಾರಣ ಸರ್ಕಾರದ ಔದಾರ್ಯವಲ್ಲ, ಮದರಾಸಿನ ನಾಗರಿಕರ ಒತ್ತಾಯ.

೫. ಸುಧಾರಣೆಯ ಸ್ವರೂಪ

ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸಬೇಕೆಂಬುದು ಕಮಿಷನಿನ ಮುಖ್ಯ ಸಲಹೆ. ಅದು ಕಾರ್ಯಗತವಾಯಿತು. ೧೮೫೯ರ ಇಪ್ಪತ್ತನಾಲ್ಕನೆಯ ಕಾಯಿದೆಯು ಮದರಾಸು ಪ್ರಾಂತಕ್ಕೆ ಹೊಸ ಪೋಲೀಸು ದಳವನ್ನು ಕೊಟ್ಟಿತು. ಪ್ರಾಂತಕ್ಕೆಲ್ಲ ಒಬ್ಬ ಮುಖ್ಯಸ್ಥ, ಪ್ರತಿ ಜಿಲ್ಲೆಗೆ ಒಬ್ಬ ಸೂಪರಿಂಟೆಂಡೆಂಟ್, ಅವನ ಕೆಳಗೆ ಇನ್‌ಸ್ಪೆಕ್ಟರುಗಳು ಮತ್ತು ಕಾನ್‌ಸ್ಟೇಬಲುಗಳು ಎಂಬ ಶ್ರೇಣಿ ಆಗ ಏರ್ಪಟ್ಟಿತು. ವಿಲಿಯಂ ರಾಬಿನ್ಸನ್ ಅದರ ಮೊದಲ ಮುಖ್ಯಸ್ಥ. ೧೮೫೭ರ ದಂಗೆಯ ಅನಂತರ ಸರ್ಕಾರಕ್ಕೆ ಶಿಸ್ತಿನ ಪೋಲೀಸು ದಳದ ಅಗತ್ಯ ಹೆಚ್ಚಾಗಿತ್ತು. ೧೮೬೦ರಲ್ಲಿ ಎಂ. ಎಚ್. ಕೋರ್ಟನ ಅಧ್ಯಕ್ಷತೆಯಲ್ಲಿ ಅಖಿಲ ಭಾರತದ ಪೋಲೀಸ್ ಕಮಿಷನ್ ಕುಳಿತಿತು. ರಾಬಿನ್ಸನನೂ ಅದರ ಸದಸ್ಯನಾದನು. ಅದರ ಫಲವೇ ೧೮೬೧ರ ಐದನೆಯ ಕಾಯಿದೆ. ಈ ಸುಧಾರಣೆಗೆ ಮಾದರಿಯಾದುದು ಲಂಡನ್ನಿನ ನಗರ ಪೋಲೀಸು ಮಾತ್ರವಲ್ಲ. ಪ್ರತಿಭಟಿಸುವ ಪ್ರಜೆಗಳನ್ನು ಅಂಕೆಯಲ್ಲಿಡಲು ಐರ್ಲೆಂಡಿನಲ್ಲಿ ರೂಪುಗೊಂಡಿದ್ದ ದಳದ ಪ್ರಭಾವವೂ ಅದರಲ್ಲಿ ಸ್ಪಷ್ಟವಾಗಿದೆ.

ಇಲ್ಲಿ ಪ್ರಶ್ನೆಯು ಸದ್ದಿಲ್ಲದೆ ಬದಲಾಯಿತು. ೧೮೫೫ರ ವರದಿಯು ತೋರಿಸಿದ ರೋಗಗಳು ಎರಡು: ಅಧಿಕಾರದ ಮಿಶ್ರಣ, ಪರಿಹಾರದ ಅಭಾವ. ಮೊದಲನೆಯದಕ್ಕೆ ಮದ್ದು ದೊರೆಯಿತು. ಎರಡನೆಯದಕ್ಕೆ ದೊರೆತುದು ಮೇಲಧಿಕಾರಿಯ ಮೇಲ್ವಿಚಾರಣೆ ಮಾತ್ರ. ಕಾನ್‌ಸ್ಟೇಬಲನು ಇನ್‌ಸ್ಪೆಕ್ಟರನಿಗೆ, ಇನ್‌ಸ್ಪೆಕ್ಟರನು ಸೂಪರಿಂಟೆಂಡೆಂಟನಿಗೆ, ಅವನು ಸರ್ಕಾರಕ್ಕೆ ಉತ್ತರ ಹೇಳಬೇಕಾಯಿತು. ಪ್ರಜೆಗೆ ಉತ್ತರ ಹೇಳಬೇಕಾದವನು ಈ ಏಣಿಯಲ್ಲಿ ಎಲ್ಲಿಯೂ ಇರಲಿಲ್ಲ. ಹಳೆಯ ಅರ್ಜಿಯು ತಹಶೀಲ್ದಾರನಿಗೆ ಮರಳುತ್ತಿದ್ದರೆ ಹೊಸ ಅರ್ಜಿಯು ಠಾಣೆಗೆ ಮರಳುವಂತಾಯಿತು.

ದಳದ ರಚನೆಯಲ್ಲಿ ಕಾಣದ ಎಚ್ಚರಿಕೆಯು ನ್ಯಾಯಶಾಸ್ತ್ರದಲ್ಲಿ ಮಾತ್ರ ಕಂಡುಬಂತು. ೧೮೬೦ರ ಭಾರತೀಯ ದಂಡ ಸಂಹಿತೆಯ ೩೩೦ ಮತ್ತು ೩೩೧ನೆಯ ಪ್ರಕರಣಗಳು ಒಪ್ಪಿಗೆಯನ್ನಾಗಲಿ ಹಣವನ್ನಾಗಲಿ ಹೊರಡಿಸುವುದಕ್ಕಾಗಿ ನೋವುಂಟುಮಾಡುವುದನ್ನು ವಿಶೇಷ ಅಪರಾಧವೆಂದು ವಿಧಿಸಿದವು. ೩೩೦ನೆಯ ಪ್ರಕರಣದ ಉದಾಹರಣೆಗಳಲ್ಲಿ ಪೋಲೀಸು ಅಧಿಕಾರಿಯೂ ಇದ್ದಾನೆ, ಕಂದಾಯದ ಅಧಿಕಾರಿಯೂ ಇದ್ದಾನೆ, ರೈತನನ್ನು ಹಿಂಸಿಸುವ ಜಮೀನ್ದಾರನೂ ಇದ್ದಾನೆ. ಸಂಹಿತೆಯ ಕರಡು ೧೮೩೦ರ ದಶಕದಲ್ಲಿಯೇ ಸಿದ್ಧವಾಗಿದ್ದುದರಿಂದ ಇವನ್ನು ಮದರಾಸು ವರದಿಯ ನೇರ ಫಲವೆನ್ನುವಂತಿಲ್ಲ. ಆದರೆ ಕಾನೂನು ಬರೆದವರಿಗೆ ಇವು ಕಲ್ಪಿತ ವ್ಯಕ್ತಿಗಳಾಗಿರಲಿಲ್ಲವೆಂಬುದನ್ನು ವರದಿಯು ಸಿದ್ಧಪಡಿಸುತ್ತದೆ. ೧೮೬೧ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯು ಪೋಲೀಸು ಅಧಿಕಾರಿಯ ಮುಂದೆ ಮಾಡಿದ ಒಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಕೂಡದೆಂದು ನಿಯಮಿಸಿತು. ೧೮೭೨ರ ಸಾಕ್ಷ್ಯ ಅಧಿನಿಯಮದ ೨೫ ಮತ್ತು ೨೬ನೆಯ ಪ್ರಕರಣಗಳಲ್ಲಿ ಆ ನಿಯಮವು ಮುಂದುವರಿಯಿತು. ಒಂದು ಸರ್ಕಾರವು ತಾನೇ ಕಟ್ಟಿದ ಪೋಲೀಸನ್ನು ತನ್ನ ನ್ಯಾಯಾಲಯದಲ್ಲಿಯೇ ನಂಬಲಾರೆನೆಂದು ಶಾಸನ ಮಾಡಿದ ಈ ವಿಚಿತ್ರ ಸನ್ನಿವೇಶವು ಇತಿಹಾಸದ ವಿದ್ಯಾರ್ಥಿಗೆ ಚಿಂತನೀಯವಾದುದು. ಆದರೂ ಒಪ್ಪಿಗೆಯ ಫಲವಾಗಿ ಏನಾದರೂ ವಸ್ತು ದೊರೆತರೆ ಅದಕ್ಕೆ ಸಂಬಂಧಿಸಿದಷ್ಟು ಮಾತನ್ನು ಸ್ವೀಕರಿಸಬಹುದೆಂದು ೨೭ನೆಯ ಪ್ರಕರಣವು ಹೇಳಿತು. ಮುಂಬಾಗಿಲನ್ನು ಮುಚ್ಚಿದ ಕಾನೂನು ಹಿತ್ತಿಲ ಬಾಗಿಲನ್ನು ಅರ್ಧ ತೆರೆದೇ ಇಟ್ಟಿತು.

ಕರ್ಜನನ ಕಾಲದಲ್ಲಿ, ೧೯೦೨ರಲ್ಲಿ, ಸರ್ ಆಂಡ್ರೂ ಫ್ರೇಸರನ ಅಧ್ಯಕ್ಷತೆಯಲ್ಲಿ ನೇಮಕವಾದ ಪೋಲೀಸ್ ಕಮಿಷನು ನಲವತ್ತು ವರ್ಷಗಳ ಅನುಭವವನ್ನು ಪರೀಕ್ಷಿಸಿತು. ಪೋಲೀಸು ದಳವು ಭ್ರಷ್ಟವೂ ಪೀಡಕವೂ ಆಗಿದೆಯೆಂದೂ, ಜನರ ವಿಶ್ವಾಸವನ್ನು ಗಳಿಸುವುದರಲ್ಲಿ ವಿಫಲವಾಗಿದೆಯೆಂದೂ ಅದರ ನಿರ್ಣಯ. ಕಂದಾಯದಿಂದ ಬೇರ್ಪಡಿಸಿದ ಮಾತ್ರಕ್ಕೆ ಪೋಲೀಸು ಸೌಮ್ಯವಾಗಲಿಲ್ಲವೆಂಬುದು ಇದರಿಂದ ಸ್ಪಷ್ಟಪಟ್ಟಿತು.

೬. ವಿದುರಾಶ್ವತ್ಥದಿಂದ ಈಚೆಗೆ

ಇಪ್ಪತ್ತನೆಯ ಶತಮಾನದಲ್ಲಿ ವಿಚಾರಣೆಯ ಬೇಡಿಕೆಯು ರಾಷ್ಟ್ರೀಯ ಚಳವಳಿಯ ಅಂಗವಾಯಿತು. ನಮ್ಮ ನಾಡಿನಲ್ಲಿ ಅದರ ಮರೆಯಲಾಗದ ನಿದರ್ಶನ ವಿದುರಾಶ್ವತ್ಥ. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೆ, ಅದೇ ೨೫ರಂದು, ಗೌರಿಬಿದನೂರು ತಾಲ್ಲೂಕಿನ ಆ ಪುಣ್ಯಕ್ಷೇತ್ರದಲ್ಲಿ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿಯೇ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರ ಕಂಡಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವೇರ್ಪಟ್ಟಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಿತು. ಗುಂಡು ಹಾರಿಸಿದ ಇಲಾಖೆಗೆ ಸೇರದವರು ವಿಚಾರಣೆ ನಡೆಸಬೇಕೆಂಬ ತತ್ತ್ವವು ಇಷ್ಟರ ಮಟ್ಟಿಗೆ ಮಾನ್ಯತೆ ಪಡೆಯಿತು. ೧೮೫೫ಕ್ಕೂ ೧೯೩೮ಕ್ಕೂ ಇರುವ ವ್ಯತ್ಯಾಸವೆಂದರೆ, ಈ ಬಾರಿ ದೂರು ಲಂಡನ್ನಿಗೆ ಹೋಗಬೇಕಾಗಲಿಲ್ಲ. ಸಂಘಟಿತ ಜನಾಭಿಪ್ರಾಯವು ಬೆಂಗಳೂರಿನಲ್ಲಿಯೇ ಅದನ್ನು ಕೇಳುವಂತೆ ಮಾಡಿತು. ಆದರೆ ಒಂದೊಂದು ಘೋರ ಘಟನೆಯ ಅನಂತರ ಒಂದೊಂದು ಸಮಿತಿ ಎಂಬುದು ನಿತ್ಯದ ಪರಿಹಾರವಾಗಲಾರದು. ಗುಂಡಿನ ಸದ್ದು ದೇಶಕ್ಕೆಲ್ಲ ಕೇಳಿಸುತ್ತದೆ. ಲಾಕಪ್ಪಿನೊಳಗಿನ ಏಟಿನ ಸದ್ದು ಗೋಡೆಯನ್ನು ದಾಟುವುದಿಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನದ ೨೦ನೆಯ ಅನುಚ್ಛೇದದ ಮೂರನೆಯ ಖಂಡವು ಆರೋಪಿಯನ್ನು ತನಗೆ ವಿರುದ್ಧವಾಗಿ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂದು ಸಾರಿತು. ಆದರೂ ಪೋಲೀಸು ವ್ಯವಸ್ಥೆಯ ಕಟ್ಟು ಬಹುಮಟ್ಟಿಗೆ ೧೮೬೧ರದೇ ಆಗಿ ಉಳಿಯಿತು. ೧೯೭೭ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸ್ ಆಯೋಗವು ೧೯೮೧ರೊಳಗೆ ಎಂಟು ವರದಿಗಳನ್ನು ಕೊಟ್ಟಿತು. ಅವುಗಳ ಮುಖ್ಯ ಸಲಹೆಗಳು ದೀರ್ಘಕಾಲ ಕಾಗದದ ಮೇಲೆಯೇ ನಿಂತವು. ಪೋಲೀಸರ ವಶದಲ್ಲಿದ್ದಾಗ ಒಬ್ಬನಿಗೆ ಗಾಯವಾದರೆ ಅದಕ್ಕೆ ಕಾರಣರು ಪೋಲೀಸರೇ ಎಂದು ನ್ಯಾಯಾಲಯವು ಭಾವಿಸಲು ಅವಕಾಶವಿರಬೇಕೆಂದು ೧೯೮೫ರಲ್ಲಿ ಕಾನೂನು ಆಯೋಗವು ತನ್ನ ೧೧೩ನೆಯ ವರದಿಯಲ್ಲಿ ಸೂಚಿಸಿತು. ಮುಚ್ಚಿದ ಕೋಣೆಯಲ್ಲಿ ನಡೆದುದಕ್ಕೆ ನೊಂದವನು ಸಾಕ್ಷಿಯನ್ನು ಎಲ್ಲಿಂದ ತರಬೇಕು ಎಂಬ, ೧೮೫೫ರ ರೈತನಿಗೆ ಎದುರಾಗಿದ್ದ ಕಷ್ಟವೇ ಈ ಸೂಚನೆಯ ಹಿಂದಿತ್ತು. ಅದು ಶಾಸನವಾಗಲಿಲ್ಲ.

ದಾರಿಯನ್ನು ಸ್ವಲ್ಪಮಟ್ಟಿಗೆ ತೆರೆದದ್ದು ಸರ್ವೋಚ್ಚ ನ್ಯಾಯಾಲಯ. ೧೯೯೬ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಬಂಧನದ ಕಾಲದಲ್ಲಿ ಅನುಸರಿಸಬೇಕಾದ ಹನ್ನೊಂದು ನಿಯಮಗಳನ್ನು ಅದು ವಿಧಿಸಿತು. ಬಂಧನದ ಜ್ಞಾಪನಪತ್ರ, ಬಂಧುಗಳಿಗೆ ತಿಳುವಳಿಕೆ, ವೈದ್ಯಕೀಯ ಪರೀಕ್ಷೆ ಮೊದಲಾದವು ಅವುಗಳಲ್ಲಿ ಸೇರಿವೆ. ೨೦೦೬ರ ಸೆಪ್ಟೆಂಬರ್ ೨೨ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಏಳು ನಿರ್ದೇಶನಗಳನ್ನು ಕೊಟ್ಟಿತು. ಪೋಲೀಸರ ವಿರುದ್ಧದ ದೂರುಗಳನ್ನು ಕೇಳಲು ರಾಜ್ಯಮಟ್ಟದಲ್ಲಿ ಒಂದು, ಪ್ರತಿ ಜಿಲ್ಲೆಯಲ್ಲಿ ಒಂದು ಪ್ರಾಧಿಕಾರವು ನಿವೃತ್ತ ನ್ಯಾಯಾಧೀಶರ ಮುಖಂಡತ್ವದಲ್ಲಿ ಇರಬೇಕೆಂಬುದು ಅವುಗಳಲ್ಲಿ ಒಂದು. ಕರ್ನಾಟಕವು ತನ್ನ ೧೯೬೩ರ ಪೋಲೀಸ್ ಅಧಿನಿಯಮಕ್ಕೆ ೨೦೧೨ರಲ್ಲಿ ತಿದ್ದುಪಡಿ ಮಾಡಿ ಇಂತಹ ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ಠಾಣೆಗಳಲ್ಲಿ ಕ್ಯಾಮೆರಾಗಳನ್ನು ಅಳವಡಿಸಬೇಕೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿಯೂ ಒಪ್ಪಿಗೆಗಾಗಿ ನೋವುಂಟುಮಾಡುವುದು ಅಪರಾಧವಾಗಿಯೇ ಉಳಿದಿದೆ. ಪೋಲೀಸರ ಮುಂದಿನ ಒಪ್ಪಿಗೆಯ ಮೇಲಿನ ಅವಿಶ್ವಾಸವೂ, ಹಳೆಯ ೨೭ನೆಯ ಪ್ರಕರಣದ ವಿನಾಯಿತಿಯೂ ಹಾಗೆಯೇ ಮುಂದುವರಿದಿವೆ. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಒಡಂಬಡಿಕೆಗೆ ೧೯೯೭ರಲ್ಲಿ ಸಹಿ ಹಾಕಿದ ಭಾರತವು ಅದನ್ನು ಇನ್ನೂ ಸ್ಥಿರೀಕರಿಸಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಮೊದಲನೆಯದು: ಪೋಲೀಸರ ದುರಾಚರಣೆಯ ಇತಿಹಾಸವು ಕ್ರೂರಿಗಳಾದ ಕೆಲವು ಮಂದಿಯ ಇತಿಹಾಸವಲ್ಲ. ೧೮೧೬ರ ರೆಗ್ಯುಲೇಷನನ್ನು ಬರೆದವರು ಕ್ರೂರಿಗಳಾಗಿರಲಿಲ್ಲ. ಅವರಲ್ಲಿ ಪ್ರಜೆಗಳ ಹಿತವನ್ನು ಬಯಸಿದವರೂ ಇದ್ದರು. ಒಬ್ಬನ ಕೈಯಲ್ಲಿ ಹಲವು ಅಧಿಕಾರಗಳನ್ನು ಕೂಡಿಸಿ, ಫಲವನ್ನು ಮಾತ್ರ ಅವನಿಂದ ನಿರೀಕ್ಷಿಸಿ, ದಾರಿಯನ್ನು ವಿಚಾರಿಸದೆ ಬಿಟ್ಟರೆ ಸಾಧಾರಣ ಮನುಷ್ಯನೂ ಪೀಡಕನಾಗುತ್ತಾನೆ. ಕಂತಿನ ಹಣಕ್ಕಾಗಿ ಅವಸರಪಟ್ಟ ತಹಶೀಲ್ದಾರನಿಗೂ, ಪ್ರಕರಣವನ್ನು ಬೇಗನೆ ಪತ್ತೆಮಾಡಬೇಕೆಂಬ ಒತ್ತಡಕ್ಕೆ ಸಿಕ್ಕಿದ ಇಂದಿನ ಅಧಿಕಾರಿಗೂ ಈ ವಿಷಯದಲ್ಲಿ ಸಾದೃಶ್ಯವಿದೆ.

ಎರಡನೆಯದು: ಹಿಂಸೆಯನ್ನು ನಿಷೇಧಿಸುವ ಕಾನೂನಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿರಲಿಲ್ಲ. ಕೊರತೆಯಿದ್ದುದು ನೊಂದವನಿಗೂ ಅವನ ಮಾತನ್ನು ಕೇಳುವವನಿಗೂ ನಡುವಿನ ದಾರಿಯಲ್ಲಿ. ಆ ದಾರಿಯು ಎಷ್ಟು ಉದ್ದ, ಎಷ್ಟು ಖರ್ಚಿನದು, ಅದರ ಕೊನೆಯಲ್ಲಿ ಕುಳಿತಿರುವವನು ಯಾರಿಗೆ ಸೇರಿದವನು ಎಂಬ ಮೂರು ಅಳತೆಗಳಿಂದಲೇ ಯಾವ ಕಾಲದ ಹೊಣೆಗಾ­ರಿಕೆಯನ್ನಾದರೂ ಅಳೆಯಬೇಕು. ಮದರಾಸಿನ ಕಮಿಷನರುಗಳು ೧೮೫೫ರಲ್ಲಿ ಈ ಅಳತೆಗೋಲನ್ನು ಕೊಟ್ಟರು. ಅವರ ಕಾಲದ ಸರ್ಕಾರವು ಅದನ್ನು ಬದಿಗಿಟ್ಟು ದಳದ ಶಿಸ್ತಿನಿಂದಲೇ ತೃಪ್ತಿಪಟ್ಟಿತು. ದೂರು ಪ್ರಾಧಿಕಾರಗಳನ್ನು ಶಾಸನದಲ್ಲಿ ಬರೆದಿರುವ ನಮ್ಮ ಕಾಲವು ಅದೇ ಅಳತೆಗೋಲನ್ನು ಕೈಗೆತ್ತಿಕೊಂಡು, ಜಿಲ್ಲೆಯ ದೂರದ ಮೂಲೆಯ ಹಳ್ಳಿಯಿಂದ ಆ ಪ್ರಾಧಿಕಾರದ ಬಾಗಿಲಿನವರೆಗಿನ ದಾರಿಯನ್ನು ಅಳೆದು ನೋಡಬೇಕಾಗಿದೆ.